ಡಬ್ಬಿ ಇಳಿಸಿದ ಮಂತ್ರಿ

ನಮ್ಮೂರು ಗಳಗನಾಥಕ್ಕೆ ಬರುವ ಹೊಳೆಯ ನೀರು ಹರಿಹರ ದಾಟಿಯೇ ಬರಬೇಕು. ಊರ ಹತ್ತಿರ ವರದೆ ಬಂದು ತುಂಗಭದ್ರೆಯನ್ನು ಕೂಡುತ್ತಾಳೆ. ದಂಡೆಯ ಮೇಲೆ 11ನೇ ಶತಮಾನದ ಗಳಗೇಶ್ವರನ ಗುಡಿ. ಅದರ ಗರ್ಭಗುಡಿಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಬಿಟ್ಟ ದಪ್ಪ ಕಲ್ಲಿನ ಬುಡ, ಹೊಳೆ ಬಂದು ಒದ್ದರೂ ಅಲುಗಬಾರದು ಅನ್ನುವ ಹಾಗಿದೆ. ಎಮ್ಮೆಯ ಮೈ ತಿಕ್ಕುತ್ತ ಅದನ್ನು ನೋಡಿಕೊಂಡೇ ನಾನು ಬೆಳೆದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ.

ಇಲ್ಲಿ ಹೇಳಹೊರಟಿದ್ದು ಹರಿಹರದಲ್ಲಿ ಹುಟ್ಟಿದ ಬಿ. ಬಸವಲಿಂಗಪ್ಪನವರ ಸುದ್ದಿ. ಅದಕ್ಕೂ ಮುಂಚೆ ನನ್ನ ಒಂದು ತಪ್ಪನ್ನು ಒಪ್ಪಿಕೊಂಡುಬಿಡಬೇಕು.

1973ರ ನವೆಂಬರಿನಲ್ಲಿ ನಾನು ಪಟ್ಟಣವೊಂದರಲ್ಲಿ ಪಿಯುಸಿ ಓದುತ್ತಿದ್ದೆ. ಮೈಸೂರಿನಲ್ಲಿ ಮಂತ್ರಿಯೊಬ್ಬರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರಂತೆ ಎಂಬ ಸುದ್ದಿ ಬಂತು. ಕಾಲೇಜು ಬಂದ್ ಆಯಿತು, ಮೆರವಣಿಗೆ ಹೊರಟಿತು. ಹಿಂದೆ ಉಳಿದರೆ ಏನಂದುಕೊಳ್ಳುತ್ತಾರೋ ಎಂದು ನಾನೂ ಹೊರಟೆ. ಗಂಟಲು ಹರಿಯುವಂತೆ ಧಿಕ್ಕಾರ ಕೂಗಿದೆ. ಆ ಮಂತ್ರಿ, ಬಸವಲಿಂಗಪ್ಪನವರು, ನಮ್ಮವರೇ, ದಲಿತರು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇನ್ನೊಂದಿಷ್ಟು ಜೋರಾಗಿ ಕೂಗಿದೆ. ಅತ್ತ ಮೈಸೂರು, ಬೆಂಗಳೂರಿನ ಕಡೆ ದಲಿತ ಹುಡುಗರ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಕಲ್ಲು ಬೀಳುತ್ತಿದ್ದವು.

ರಜೆಗೆ ಊರಿಗೆ ಬಂದಾಗ ಅವ್ವ ಬಾನಿಯಲ್ಲಿ ಎಮ್ಮೆಗೆ ಶೇಂಗಾ ಹಿಂಡಿ, ಗೋಧಿ ಬೂಸಾ ಕಲಸುತ್ತಿದ್ದಳು, ಮೊಣಕೈವರೆಗೂ ಕೈ ಇಳಿಸಿ. ನಾನು ಮೆರವಣಿಗೆಯ ಪ್ರತಾಪ ಹೇಳಿದೆ. ಅವಳು ತಲೆ ಎತ್ತದೆ ಕೇಳಿದಳು: “ಏನಲೇ, ಬೂಸಾ ಅಂದ್ರ ಬೈಗಳೇನು? ಬೂಸಾ ಇಲ್ದ ಎಮ್ಮಿ ಹಾಲು ಇಳಸ್ತೈತೇನು?”

ಕಟ್ಟೆಯ ಮೇಲೆ ಕೂತಿದ್ದ ಸೋದರಮಾವನಿಗೆ ಮಾತ್ರ ನಗು ಬರಲಿಲ್ಲ. ಅವನು ಒಂದು ಪಟ್ಟಣದಲ್ಲಿ ಮಲ ಬಳಿಯುವ ಕೆಲಸಕ್ಕಿದ್ದ. ನಸುಕಿನಲ್ಲೇ ಎದ್ದು ಹಿತ್ತಲ ಗಲ್ಲಿ ಹಿಡಿದು, ಕಕ್ಕಸಿನ ಹಿಂದಿನ ಕಿಂಡಿಯಿಂದ ತಗಡಿನಲ್ಲಿ ಬಾಚಿ ಡಬ್ಬಿಗೆ ತುಂಬಿ, ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಊರಾಚೆ ಸುರಿದು ಬರಬೇಕಿತ್ತು. ಮಳೆಗಾಲದಲ್ಲಿ ಡಬ್ಬಿಯ ತಳ ತೊಟ್ಟಿಕ್ಕುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಅವನು ಎಂದೂ ಹೇಳಲಿಲ್ಲ. ಅವತ್ತು ಹೇಳಿದ್ದು ಇಷ್ಟು: “ಯಾರ ವಿರುದ್ಧ ಒದರಿ ಬಂದಿ ಅಂತ ಗೊತ್ತೈತೇನಲೇ? ನನ್ನ ತಲಿ ಮ್ಯಾಲಿನ ಡಬ್ಬಿ ಇಳಿಸಿದಾಂವನ ವಿರುದ್ಧ.”

ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದಾಗ ಪೌರಾಡಳಿತ ಖಾತೆ ಬಸವಲಿಂಗಪ್ಪನವರಿಗೆ ಬಂದಿತ್ತು. ಸಾಮಾನ್ಯವಾಗಿ ಆ ಖಾತೆ ಅಂದರೆ ಗಟಾರು, ನಳ, ಬೀದಿ ದೀಪ. ವಕೀಲಿಕೆ ಮಾಡಿದ್ದ, ಅಂಬೇಡ್ಕರರನ್ನು ಅರಗಿಸಿಕೊಂಡಿದ್ದ ಈ ಮನುಷ್ಯ ಆ ಕುರ್ಚಿಯಲ್ಲಿ ಕೂತು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನೇ ನಿಷೇಧಿಸಿದರು. ಇಡೀ ದೇಶಕ್ಕೆ ಇಂಥದೊಂದು ಕಾಯ್ದೆ ಬಂದದ್ದು 1993ರಲ್ಲಿ, ಅಂದರೆ ಇಪ್ಪತ್ತು ವರ್ಷ ತಡವಾಗಿ. ಮಾವನ ಪಟ್ಟಣದಲ್ಲಿ ಡಬ್ಬಿ ಹೋಗಿ ತಳ್ಳುವ ಗಾಡಿ ಬಂತು. ಬಾಚುವುದು ತಪ್ಪಲಿಲ್ಲ ಅನ್ನಿ.

ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಬೂಸಾ. ದೇವರ ಪಟಗಳನ್ನು ಆಚೆ ಎಸೆಯಿರಿ ಎಂದು ಹೇಳಿ ಅವರು ಮೊದಲೇ ಹಲವರ ಕಣ್ಣು ಕೆಂಪಾಗಿಸಿದ್ದರು, ಈ ಮಾತು ನೆಪವಾಯಿತು. ಕುವೆಂಪು ಅಂಥವರು ಬಸವಲಿಂಗಪ್ಪನವರ ಬೆನ್ನಿಗೆ ನಿಂತರೂ ಮಂತ್ರಿಗಿರಿ ಉಳಿಯಲಿಲ್ಲ. ಸಾಹಿತ್ಯ ನಮ್ಮದು ಎಂದು ಬೀದಿಗಿಳಿದ ನಮ್ಮಲ್ಲಿ ಎಷ್ಟು ಜನ ಸಾಹಿತ್ಯ ಓದಿದ್ದರೋ! ನಮ್ಮೂರ ದೇವರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, 1869ರಲ್ಲಿ ಇಲ್ಲೇ ಪಕ್ಕದ ಹಾವನೂರಿನಲ್ಲಿ ಹುಟ್ಟಿದವರು. ತಮ್ಮ ಕಾದಂಬರಿಗಳ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರ ಒಂದು ಪುಸ್ತಕವನ್ನೂ ನಾನು ಅಲ್ಲಿಯತನಕ ಮುಟ್ಟಿರಲಿಲ್ಲ. ಮಾಸ್ತರನಾದ ಮೇಲೆ ಓದಿದೆ. ಒಂದಿಷ್ಟು ಕಾಳು ಸಿಕ್ಕಿತು, ಒಂದಿಷ್ಟು ಬೂಸಾ ಕೂಡ. ಆದರೆ ಆ ಗಂಟನ್ನು ಅವರ ಮೇಲೆ ಯಾರೂ ಹೊರಿಸಿರಲಿಲ್ಲ, ಬೇಕೆಂದೇ ಹೊತ್ತದ್ದು. ಮಾವನ ಡಬ್ಬಿ ಹಾಗಲ್ಲ. ಇಂಗ್ಲಿಷು ಕಲಿತರೇನೇ ನಮಗೆ ಬಿಡುಗಡೆ ಎಂಬ ಬಸವಲಿಂಗಪ್ಪನವರ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ನನ್ನ ಹೊಟ್ಟೆ ತುಂಬಿಸಿದ್ದು ಕನ್ನಡ.

ಆ ಗಲಾಟೆಯಿಂದ ಎದ್ದು ಬಂದದ್ದು ದಲಿತ ಸಂಘರ್ಷ ಸಮಿತಿ. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರೂ ಹರಿಹರದವರೇ, ಭದ್ರಾವತಿಯಲ್ಲಿ ಕನ್ನಡದ ಮೇಷ್ಟ್ರು. ಕುರ್ಚಿ ಕಳೆದುಕೊಂಡ ಬಸವಲಿಂಗಪ್ಪನವರು ಮತ್ತೆ ಬಂದರು, ಈ ಸಲ ಕಂದಾಯ ಮಂತ್ರಿಯಾಗಿ. ಸರ್ಕಾರ ಪರಿಶಿಷ್ಟರಿಗೆ ಕೊಟ್ಟ ಜಮೀನನ್ನು ಷರತ್ತು ಮುರಿದು ಯಾರಾದರೂ ಬರೆಸಿಕೊಂಡಿದ್ದರೆ ಅದನ್ನು ಬಿಡಿಸಿ ಮೂಲ ಹಕ್ಕುದಾರನಿಗೇ ಕೊಡಿಸುವ 1978ರ ಕಾಯ್ದೆ ಅವರ ಕಾಲದ್ದು. 1979ರ ಜನವರಿ 1ರಿಂದ ಜಾರಿಗೆ ಬಂತು. ಆ ಕಾಯ್ದೆಯ ಗಿಡ್ಡ ಹೆಸರಾದ ಪಿಟಿಸಿಎಲ್ ಎಂಬ ಇಂಗ್ಲಿಷ್ ಅಕ್ಷರಗಳು ನಮ್ಮ ಕೇರಿಗಳಲ್ಲಿ ಓದು ಬಾರದವರ ಬಾಯಲ್ಲೂ ಸಲೀಸು. ಹತ್ತು ರೂಪಾಯಿ ಸಾಲಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರಿಗೆ ಅದು ಏನೆಂದು ಬಿಡಿಸಿ ಹೇಳಬೇಕಿಲ್ಲ. 1992ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಆಮೇಲೆ 2010ರ ಜುಲೈ. ನಮ್ಮ ಹಾವೇರಿ ಜಿಲ್ಲೆಯದೇ ಸವಣೂರಿನಲ್ಲಿ, ಇದ್ದ ಮನೆಗಳಿಂದ ಎಬ್ಬಿಸುತ್ತಾರೆಂದು, ಮಲ ಬಳಿಯುವ ಕೆಲಸದ ಭಂಗಿ ಸಮುದಾಯದವರು ಪುರಸಭೆಯ ಎದುರು ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ನಿಷೇಧದ ಆದೇಶಕ್ಕೆ ಆಗ ಮೂವತ್ತೈದು ವರ್ಷ ದಾಟಿತ್ತು. ಅಂದಿನ ಪತ್ರಿಕೆಯನ್ನು ಮಡಚಿಟ್ಟು ನಾನು ಹೊಳೆ ಕಡೆ ಹೋಗಿಬಿಟ್ಟೆ. ಮಾವ ಆಗ ಇರಲಿಲ್ಲ.

ಅವನ ಸಿಂಬಿಯ ಸುದ್ದಿ ಹೇಳುವುದು ಮರೆತಿದ್ದೆ. ಡಬ್ಬಿಯ ಕೆಳಗೆ ತಲೆಗೆ ಇಟ್ಟುಕೊಳ್ಳುತ್ತಿದ್ದ, ಹಳೇ ಸೀರೆಯ ಸಿಂಬಿ. ಆದೇಶ ಬಂದ ವರ್ಷ ಅದನ್ನು ಊರಿಗೆ ತಂದಿದ್ದ. ಹೊಳೆಯಿಂದ ಕೊಡ ಹೊತ್ತು ತರುತ್ತಿದ್ದ ಅವ್ವ, ಚೆನ್ನಾಗಿ ಒಗೆದು ಇಟ್ಟುಕೊಳ್ಳುತ್ತೇನೆ ಕೊಡು ಅಂದಳು. ಅವನು ಕೊಡಲಿಲ್ಲ. ಬಚ್ಚಲ ಒಲೆಗೆ ಹಾಕಿದ. ಹಸಿ ಇತ್ತೋ ಏನೋ, ಬೇಗ ಹೊತ್ತಲಿಲ್ಲ. ಕಣ್ಣು ಉರಿಯುತ್ತಿದ್ದರೂ ಏಳದೆ, ಅದು ಬೂದಿಯಾಗುವ ತನಕ ಊದುಗೊಳವೆ ಹಿಡಿದು ಊದುತ್ತಲೇ ಕೂತಿದ್ದ.