ಒಳಸರಪಳಿಯ ಬಿಗಿ

ಕನ್ನಡದ 'ಬಿಗಿ' ಎಂಬ ಶಬ್ದವನ್ನು ನಾವು ಹೊಗಳಿಕೆಗೂ ಬಳಸುತ್ತೇವೆ, ತೆಗಳಿಕೆಗೂ ಬಳಸುತ್ತೇವೆ. ಬಿಗಿಯಾಗಿ ಕಟ್ಟಿದ ಹೊರೆ ಬಂಡಿಯಿಂದ ಜಾರುವುದಿಲ್ಲ. ಬಿಗುಮಾನದ ಮನುಷ್ಯನ ಹತ್ತಿರ ಯಾರೂ ಸುಳಿಯುವುದಿಲ್ಲ. ಎಷ್ಟು ಬಿಗಿಯಬೇಕು, ಯಾವಾಗ ಬಿಗಿಯಬೇಕು, ಬಿಗಿಯುವವರು ಯಾರು ಎಂಬ ಮೂರು ಪ್ರಶ್ನೆಗಳು ಬಾಳಿನಲ್ಲಿರುವಂತೆ ಯಂತ್ರದಲ್ಲಿಯೂ ಇವೆ. ಅಂಥ ಒಂದು ಚಿಕ್ಕ ಯಂತ್ರಭಾಗದ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ಮೋಟಾರ್ ಸೈಕಲ್ಲಿನ ಎಂಜಿನ್ನಿನೊಳಗಿನ ಸರಪಳಿಯನ್ನು ಬಿಗಿ ಹಿಡಿಯುವ ಸಾಧನ. ನಮ್ಮ ಮೇಸ್ತ್ರಿಗಳ ಮಾತಿನಲ್ಲಿ, ಟೈಮಿಂಗ್ ಚೈನಿನ ಟೆನ್ಷನರ್.

ಕನ್ನಡ ಪಂಡಿತನಿಗೆ ಈ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ರೋಣ, ನರಗುಂದ, ಗಜೇಂದ್ರಗಡಗಳ ನಡುವೆ ಹಳೆಯ ಮೋಟಾರ್ ಸೈಕಲ್ಲಿನ ಮೇಲೆ ವರ್ಷಾನುಗಟ್ಟಲೆ ಓಡಾಡಿದವನಿಗೆ ಅದು ಬೇಡವೆಂದರೂ ಬರುತ್ತದೆ. ಗದಗದಿಂದ ಬಾದಾಮಿಗೆ ಹೋಗುವ ರೈಲುದಾರಿ ಮಲ್ಲಾಪುರ, ಹೊಳೆಆಲೂರುಗಳನ್ನು ಮುಟ್ಟಿ ಹಾದುಹೋಯಿತು; ಈ ಮೂರು ಪೇಟೆಗಳ ಒಳಗೆ ಬರಲಿಲ್ಲ. ಆದುದರಿಂದ ಇಲ್ಲಿಯ ಶಿಕ್ಷಕ, ನೇಕಾರ, ರೈತ, ಅಂಗಡಿಕಾರ ಎಲ್ಲರಿಗೂ ಬಸ್ಸು ತಪ್ಪಿದರೆ ಮೋಟಾರ್ ಸೈಕಲ್ಲೇ ಗತಿ. ಅದರ ಎಂಜಿನ್ನು ಬಿಚ್ಚಿಸಬೇಕಾಯಿತೆಂದರೆ ಮನೆಯ ತಿಂಗಳ ಲೆಕ್ಕವೆಲ್ಲ ತಪ್ಪುತ್ತದೆ.

ಮೊದಲು ವಸ್ತುವನ್ನು ತಿಳಿದುಕೊಳ್ಳೋಣ. ನಾಲ್ಕು ಸ್ಟ್ರೋಕಿನ ಸಣ್ಣ ಎಂಜಿನ್ನಿನ ತಲೆಯಲ್ಲಿ ಸಾಮಾನ್ಯವಾಗಿ ಎರಡು ವಾಲ್ವುಗಳಿರುತ್ತವೆ. ಒಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಬಿಡುತ್ತದೆ. ಇನ್ನೊಂದು ಸುಟ್ಟ ಹೊಗೆಯನ್ನು ಹೊರಗೆ ಕಳಿಸುತ್ತದೆ. ಇವನ್ನು ಹೊತ್ತಿಗೆ ಸರಿಯಾಗಿ ತೆರೆಯುವುದು ಕ್ಯಾಮ್ ಶಾಫ್ಟ್. ಕೆಳಗಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಇದು ಒಂದೇ ಸುತ್ತು ತಿರುಗಬೇಕು. ಅದಕ್ಕಾಗಿ ಮೇಲಿನ ಹಲ್ಲುಗಾಲಿಗೆ ಕೆಳಗಿನದಕ್ಕಿಂತ ಎರಡರಷ್ಟು ಹಲ್ಲುಗಳು. ಎರಡನ್ನೂ ಕೂಡಿಸುವುದು ಒಳಸರಪಳಿ. ಹಿಂಗಾಲಿಯ ಸರಪಳಿ ನಮ್ಮ ಎರೆಭೂಮಿಯ ಧೂಳು, ಕೆಸರು ತಿಂದು ಸವೆಯುತ್ತದೆ. ಒಳಸರಪಳಿಗೆ ಆ ಕಷ್ಟವಿಲ್ಲ, ಅದು ಎಣ್ಣೆಯಲ್ಲಿಯೇ ಬಾಳುತ್ತದೆ. ಆದರೂ ಕೀಲುಗಳು ಸವೆದಂತೆ ಅದು ಉದ್ದವಾಗುತ್ತದೆ. ಸಡಿಲಾದ ಸರಪಳಿ ಮೊದಲು ಕರಕರ ಸದ್ದು ಮಾಡುತ್ತದೆ. ಆಮೇಲೆ ವಾಲ್ವುಗಳ ಹೊತ್ತನ್ನು ತಪ್ಪಿಸುತ್ತದೆ. ಕೊನೆಗೆ ಹಲ್ಲು ಹಾರಿದರೆ ಕೆಲವು ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುತ್ತದೆ.

ಈಗ ನಾವು ಕಾಣುವ ರೋಲರ್ ಸರಪಳಿಯ ರೂಪವನ್ನು ಸ್ವಿಸ್ ಮೂಲದ ಹ್ಯಾನ್ಸ್ ರೆನಾಲ್ಡ್ ಎಂಬ ಯಂತ್ರಜ್ಞನು ೧೮೮೦ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದನು. ಅಲ್ಲಿಯೇ ೧೯೪೮ರಲ್ಲಿ ಹೊರಬಂದ ಎ.ಜೆ.ಎಸ್. ೭ಆರ್ ಎಂಬ ಪಂದ್ಯದ ಮೋಟಾರ್ ಸೈಕಲ್ಲಿನಲ್ಲಿ ಕ್ಯಾಮನ್ನು ಸರಪಳಿಯೇ ತಿರುಗಿಸುತ್ತಿತ್ತು. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಯೊಂದು ಆ ಸರಪಳಿಯನ್ನು ಸದಾ ಒತ್ತಿ ಹಿಡಿಯುತ್ತಿತ್ತು. ತಾನೇ ಬಿಗಿಯುವ ಉಪಾಯ ನಿನ್ನೆ ಮೊನ್ನೆಯದಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕೈಯಿಂದ ಬಿಗಿಯುವುದು ಹಳೆಯದು, ತಾನೇ ಬಿಗಿಯುವುದು ಹೊಸದು ಎಂಬ ನಮ್ಮ ಎಣಿಕೆ ಅಷ್ಟು ಸರಿಯಲ್ಲ. ೧೯೬೯ರಲ್ಲಿ ಜಗತ್ತಿಗೆ ಬೆರಗು ತಂದ ಜಪಾನಿನ ಹೋಂಡಾ ಸಿಬಿ ೭೫೦ ಗಾಡಿಯಲ್ಲಿ ಸ್ಪ್ರಿಂಗಿನ ಜೊತೆಗೆ ಕೈಯ ಕೆಲಸವೂ ಇತ್ತು. ಸವಾರನು ಆಗಾಗ ಬೀಗದ ಬೋಲ್ಟನ್ನು ಸಡಿಲಿಸುತ್ತಿದ್ದ, ಸ್ಪ್ರಿಂಗು ಸರಪಳಿಯ ಜೋಲನ್ನು ಎಳೆದುಕೊಳ್ಳುತ್ತಿತ್ತು, ಅವನು ಮತ್ತೆ ಬೀಗ ಬಿಗಿಯುತ್ತಿದ್ದ. ೧೯೭೦ರ ದಶಕ ಮುಗಿಯುವ ಹೊತ್ತಿಗೆ ಈ ಬೀಗವೂ ಬೇಡವೆನ್ನುವ ಟೆನ್ಷನರುಗಳು ಹೆಚ್ಚತೊಡಗಿದವು.

ನಮ್ಮ ಸೀಮೆಯಲ್ಲಿ ಬಹುಕಾಲ ಈ ಪ್ರಶ್ನೆ ಏಳಲಿಲ್ಲ. ೧೯೫೫ರಿಂದ ಮದ್ರಾಸಿನಲ್ಲಿ ಸಿದ್ಧವಾಗತೊಡಗಿದ ಬುಲೆಟ್ಟಿನ ಹಳೆಯ ಎಂಜಿನ್ನಿನಲ್ಲಿ ಕ್ಯಾಮನ್ನು ತಿರುಗಿಸುವುದು ಹಲ್ಲುಗಾಲಿಗಳು. ಅಲ್ಲಿಂದ ವಾಲ್ವಿನವರೆಗೆ ಉದ್ದನೆಯ ಸಲಾಕೆಗಳು. ೧೯೬೧ರಿಂದ ೧೯೯೬ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳದು ಎರಡು ಸ್ಟ್ರೋಕಿನ ಎಂಜಿನ್ನು. ಅದರಲ್ಲಿ ಇಂಥ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ. ಒಳಸರಪಳಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವುಗಳಲ್ಲಿ ಮೊದಲಿನದು ೧೯೮೫ರಲ್ಲಿ ಬಂದ ಹೀರೋ ಹೋಂಡಾ ಸಿಡಿ ೧೦೦. ಅದರ ಟೆನ್ಷನರಿನಲ್ಲಿ ಸ್ಪ್ರಿಂಗು ಮತ್ತು ಎಣ್ಣೆ ತುಂಬಿದ ಒಂದು ಸಣ್ಣ ಸಲಾಕೆ ಇದ್ದವು: ಸ್ಪ್ರಿಂಗು ಮುಂದಕ್ಕೆ ಒತ್ತುತ್ತದೆ, ಎಣ್ಣೆ ಅದನ್ನು ಥಟ್ಟನೆ ಹಿಂದಕ್ಕೆ ಸರಿಯಗೊಡುವುದಿಲ್ಲ. ಹೀಗೆ ಈ ಸರಪಳಿ ನಮ್ಮ ಊರುಗಳನ್ನು ಹೊಕ್ಕದ್ದೇ ತಾನಾಗಿ ಬಿಗಿದುಕೊಳ್ಳುವ ರೂಪದಲ್ಲಿ. ಆದರೆ ನಮ್ಮ ಕೈಗೆ ಆಗಲೇ ಹಿಂಗಾಲಿಯ ಸರಪಳಿ ಬಿಗಿದು ರೂಢಿಯಾಗಿತ್ತು. ಗಾಡಿ ಹಳೆಯದಾಗಿ ಸದ್ದು ಹೊರಟಾಗ ಅದೇ ಕೈಯನ್ನು ಒಳಸರಪಳಿಗೂ ಚಾಚಿದೆವು. ಕೆಲವರು ಮೂಲದ ಟೆನ್ಷನರನ್ನು ಕಿತ್ತು, ಅದರ ಜಾಗದಲ್ಲಿ ತಿರುಗಿಸುವ ಬೋಲ್ಟು ಹಾಕಿಸಿದರು.

ಗಜೇಂದ್ರಗಡದ ನೇಕಾರರಿಗೆ ಈ ವಿಚಾರವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕುಣಿಮಗ್ಗದಲ್ಲಿ ಕುಳಿತವನು ಹಾಸಿನ ಬಿಗಿಯನ್ನು ಬೆರಳಿನಿಂದ ಮುಟ್ಟಿಯೇ ಅರಿಯುತ್ತಾನೆ. ಹೆಚ್ಚಾದರೆ ಎಳೆ ಹರಿಯುತ್ತದೆ, ಕಡಿಮೆಯಾದರೆ ಬಟ್ಟೆ ಜಾಳಾಗುತ್ತದೆ. ಹಳೆಯ ಮಾದರಿಯ ವಿದ್ಯುತ್ ಮಗ್ಗದಲ್ಲಿ ಹಾಸಿನ ಉರುಳೆಗೆ ಹಗ್ಗವನ್ನೋ ಸರಪಳಿಯನ್ನೋ ಸುತ್ತಿ ತೂಕ ಕಟ್ಟುತ್ತಾರೆ. ಆ ತೂಕವೇ ಬಿಗಿಯನ್ನು ಕಾಯುತ್ತದೆ. ಆದರೆ ಉರುಳೆಯ ಮೇಲಿನ ನೂಲು ತೀರುತ್ತ ಬಂದಂತೆ ತೂಕವನ್ನು ಸರಿಸಿ ಹೊಂದಿಸುವ ಕೆಲಸ ಮತ್ತೆ ನೇಕಾರನದೇ.

ಟೆನ್ಷನರುಗಳನ್ನೂ ಇದೇ ಕಣ್ಣಿನಿಂದ ನೋಡಿದರೆ ಮೂರು ಬಗೆ ಕಾಣುತ್ತವೆ. ಸ್ವಯಂಚಾಲಿತದಲ್ಲಿ ಎಷ್ಟು ಬಿಗಿಯಬೇಕು, ಯಾವಾಗ ಬಿಗಿಯಬೇಕು ಎಂಬೆರಡನ್ನೂ ಸ್ಪ್ರಿಂಗೇ ನಿರ್ಧರಿಸುತ್ತದೆ. ಬೀಗದ ಬೋಲ್ಟಿನ ಹಳೆಯ ಬಗೆಯಲ್ಲಿ 'ಎಷ್ಟು' ಎಂಬುದು ಸ್ಪ್ರಿಂಗಿನದು, 'ಯಾವಾಗ' ಎಂಬುದು ಮನುಷ್ಯನದು. ನೇರವಾಗಿ ತಿರುಗಿಸುವ ಬೋಲ್ಟಿನಲ್ಲಿ ಎರಡೂ ಮನುಷ್ಯನದೇ. ಪೇಟೆಯಲ್ಲಿ ಕೊನೆಯ ಎರಡನ್ನೂ 'ಕೈಯಿಂದ ಬಿಗಿಯುವುದು' ಎಂದು ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗಿದೆ. ಅವೆರಡರ ಅಪಾಯ ಒಂದೇ ಅಲ್ಲ. ಮೊದಲನೆಯದರಲ್ಲಿ ಮರೆವು ಅಪಾಯ. ಎರಡನೆಯದರಲ್ಲಿ ಮರೆವೂ ಅಪಾಯ, ಉತ್ಸಾಹವೂ ಅಪಾಯ.

ಉತ್ಸಾಹದ ಅಪಾಯವನ್ನು ನಾನೇ ಉಂಡವನು. ನಾನು ಕೊಂಡ ಹಳೆಯ ಗಾಡಿಗೆ ಹಿಂದಿನ ಒಡೆಯರು ಇಂಥ ಬೋಲ್ಟು ಹಾಕಿಸಿದ್ದರು. ಒಂದು ಮುಂಜಾನೆ ಸದ್ದು ಕೇಳಿ, ಮೇಸ್ತ್ರಿಯ ದಾರಿ ಕಾಯದೆ, ಸದ್ದು ಅಡಗುವವರೆಗೂ ತಿರುಗಿಸಿದೆ. ಎಂಜಿನ್ನು ಮಂತ್ರ ಹಾಕಿದಂತೆ ಸುಮ್ಮನಾಯಿತು. ರೋಣದಿಂದ ಹೊರಟು ನರಗುಂದದ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ತೆಳ್ಳಗಿನ ಸಿಳ್ಳೊಂದು ಕೇಳತೊಡಗಿತು. ಅದನ್ನೂ ನಾನು ಗಣಿಸಲಿಲ್ಲ. ಮುಂದೆ ಎಣ್ಣೆ ಬದಲಿಸುವಾಗ ಜಾಲರಿಯಲ್ಲಿ ಕರಿಯ ಚೂರುಗಳು ಸಿಕ್ಕವು. ಸರಪಳಿ ಜಾರುವ ರಬ್ಬರಿನ ಪಟ್ಟಿ ತೇದುಹೋಗಿತ್ತು. ಮೇಸ್ತ್ರಿ ಚೂರುಗಳನ್ನು ಅಂಗೈಯಲ್ಲಿಟ್ಟು ತೋರಿಸಿ, "ಸದ್ದ ನಿಂತೇತ್ರಿ ಸರ, ಸವಕಳಿ ನಿಂತಿಲ್ಲ" ಎಂದ. ಕಾರಣ ಸರಳ. ಅಲ್ಯೂಮಿನಿಯಮ್ಮಿನ ಎಂಜಿನ್ನು ಕಾದಾಗ ಉಕ್ಕಿನ ಸರಪಳಿಗಿಂತ ಹೆಚ್ಚು ಹಿಗ್ಗುತ್ತದೆ. ತಣ್ಣಗಿದ್ದಾಗ ಪೂರ್ತಿ ಬಿಗಿದ ಸರಪಳಿ ಕಾದಾಗ ಇನ್ನೂ ಬಿಗಿಯಾಗಿ, ಪಟ್ಟಿಯನ್ನೂ ಬೇರಿಂಗನ್ನೂ ತಿನ್ನುತ್ತದೆ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು? ದಿನಬಳಕೆಯ ಗಾಡಿ ಮೂಲದಲ್ಲಿ ಸ್ವಯಂಚಾಲಿತದ್ದಾಗಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಲೇಸು. ಕೆಟ್ಟಿದ್ದರೆ ಅದೇ ಮಾದರಿಯ ಹೊಸದನ್ನು ಹಾಕಿಸಬೇಕು. ಹಲ್ಲುಕಚ್ಚಿನ ಬಗೆಯದಾದರೆ ಒಂದು ಎಚ್ಚರಿಕೆ ಬೇಕು. ಬಿಚ್ಚಿದ ಮೇಲೆ ಮುಂದೆ ಚಾಚಿದ ಸಲಾಕೆಯನ್ನು ಒಳಕ್ಕೆ ಸರಿಸದೆ ಹಾಗೆಯೇ ಕೂಡಿಸಿದರೆ, ಅದೂ ಸರಪಳಿಯನ್ನು ಅತಿಯಾಗಿ ಬಿಗಿಯುತ್ತದೆ. ಬೀಗದ ಬೋಲ್ಟಿನೊಡನೆಯೇ ಹುಟ್ಟಿದ ಹಳೆಯ ಗಾಡಿಗೆ ಆ ಬಗೆಯೇ ಸಾಕು. ಎಣ್ಣೆ ಬದಲಿಸುವ ದಿನವೇ ಅದರ ದಿನವೆಂದು ಗೊತ್ತುಮಾಡಿಕೊಂಡರೆ ಮರೆವಿಗೆ ಎಡೆಯಿಲ್ಲ. ಮೂಲದ ಭಾಗ ಎಲ್ಲಿಯೂ ಸಿಗದೆ ತಿರುಗಿಸುವ ಬೋಲ್ಟೇ ಅನಿವಾರ್ಯವಾದರೆ, ಎಂಜಿನ್ನನ್ನು ತಣ್ಣಗಿರುವಾಗ ಕೈಯಿಂದ ತಿರುಗಿಸಿ, ಸರಪಳಿಯ ಜೋಲೆಲ್ಲ ಟೆನ್ಷನರಿನ ಬದಿಗೆ ಬಂದಾಗ ಮೆಲ್ಲಗೆ ಮುಟ್ಟಿಸಿ, ಕೊಂಚ ಸಡಿಲು ಉಳಿಸಿ ನಟ್ಟು ಬಿಗಿಯಬೇಕು.

ಸ್ವಯಂಚಾಲಿತಕ್ಕೂ ಒಂದು ಮರೆಯ ದೋಷವಿದೆ. ಅದು ಸವಕಳಿಯನ್ನು ಸದ್ದಿಲ್ಲದೆ ಮುಚ್ಚುತ್ತ ಹೋಗುತ್ತದೆ. ಸಲಾಕೆ ತನ್ನ ಉದ್ದ ಮುಗಿಯುವವರೆಗೆ ಚಾಚಿದ ಮೇಲೆ ಅದರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಗ ಬೇಕಾದುದು ಹೊಸ ಸರಪಳಿ. ಆದುದರಿಂದ ತಾನೇ ಬಿಗಿಯುವ ಸಾಧನವಿದ್ದವರೂ ಮೇಸ್ತ್ರಿ ಅದನ್ನು ಹೊರತೆಗೆದಾಗ ಸಲಾಕೆ ಎಷ್ಟು ಮುಂದೆ ಬಂದಿದೆ ಎಂದು ಕೇಳಿ ತಿಳಿಯಬೇಕು. ಒಂದು ಲೀಟರಿಗೂ ಕಡಿಮೆ ಎಣ್ಣೆ ಹಿಡಿಯುವ ಈ ಸಣ್ಣ ಎಂಜಿನ್ನುಗಳಲ್ಲಿ ಎಣ್ಣೆಯನ್ನು ಹೊತ್ತಿಗೆ ಬದಲಿಸುವುದೇ ಸರಪಳಿಗೆ ಮಾಡುವ ಮೊದಲ ಉಪಚಾರ.

ನನ್ನ ಗಾಡಿಗೆ ಈಗ ಮೂಲದ ಟೆನ್ಷನರನ್ನೇ ಹಾಕಿಸಿದ್ದೇನೆ. ಮುಂಜಾನೆ ಶಾಲೆಗೆ ಹೊರಡುವ ಮುನ್ನ ಅರ್ಧ ನಿಮಿಷ ಅದರ ದನಿಯನ್ನು ಕಿವಿಗೊಟ್ಟು ಕೇಳುತ್ತೇನೆ. ಸ್ಪಾನರನ್ನು ಮಾತ್ರ ಮುಟ್ಟುವುದಿಲ್ಲ.