ಹಾಜರಿ ಪುಸ್ತಕವಿಲ್ಲದ ಕಾಡು

ಹುಲಿಗಳ ಸಂಖ್ಯೆಯನ್ನು ಕುರಿತ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಅದು 1980ರ ದಶಕದ ಕೊನೆ, ನಾನು ಬಿ.ಎಡ್. ಮುಗಿಸಿ ವೃತ್ತಿಗೆ ಸೇರಿದ್ದ ಹೊಸತು. ವನ್ಯಜೀವಿ ಸಂರಕ್ಷಣೆಯ ಪಾಠ ನಡೆದಿತ್ತು. 1972ರ ಗಣತಿಯಂತೆ ಭಾರತದಲ್ಲಿದ್ದ ಹುಲಿಗಳು 1827 ಎಂದು ಕಪ್ಪುಹಲಗೆಯ ಮೇಲೆ ಬರೆದು, ಕಂಠಪಾಠ ಮಾಡಿರೆಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಎಣಿಸೋಕೆ ಹೋದವರಿಗೆ ಸಿಗದೇ ಇರೋ ಹುಲಿಗಳನ್ನ ಯಾರು ಎಣಿಸಿದ್ರು?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಅವನನ್ನು ಕುಳ್ಳಿರಿಸಿದೆ. ಉತ್ತರ ನನಗೆ ತಿಳಿದಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಅದೊಂದು ನಿಜವಾದ ಪ್ರಶ್ನೆಯೆಂಬುದೇ ನನಗೆ ಹೊಳೆದಿರಲಿಲ್ಲ.

ಆ ಕಾಲದ ಗಣತಿಯು ಹೆಜ್ಜೆ ಗುರುತುಗಳನ್ನು ನಂಬಿಕೊಂಡಿತ್ತು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿಯವರು 1966ರಲ್ಲಿ ರೂಪಿಸಿದ ವಿಧಾನವಿದು. ಅರಣ್ಯ ಸಿಬ್ಬಂದಿ ಕಾಡಿನ ಹಾದಿಗಳಲ್ಲಿ ನಡೆದು, ಹುಲಿಯ ಹೆಜ್ಜೆಯ ಮೇಲೆ ಗಾಜನ್ನಿಟ್ಟು ಅದರ ಆಕಾರವನ್ನು ಬರೆದುಕೊಳ್ಳುತ್ತಿದ್ದರು. ಹೆಜ್ಜೆ ನೋಡಿ ಹುಲಿಯನ್ನು ಗುರುತಿಸಬಹುದೆಂಬುದು ಒಂದು ನಂಬಿಕೆ. ಎಲ್ಲ ಹುಲಿಗಳ ಹೆಜ್ಜೆಯೂ ಸಿಕ್ಕೇ ಸಿಗುತ್ತದೆಂಬುದು ಇನ್ನೊಂದು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ತೆರನಾಗಿ, ಮರಳಿನಲ್ಲಿ ಮತ್ತೊಂದು ತೆರನಾಗಿ ಮೂಡುವುದರಿಂದ ಒಂದು ಹುಲಿ ಎರಡಾಗಬಹುದಿತ್ತು. ಗಟ್ಟಿ ನೆಲದಲ್ಲಿ ಹೆಜ್ಜೆಯೇ ಮೂಡದೆ ಇದ್ದ ಹುಲಿ ಇಲ್ಲವಾಗಬಹುದಿತ್ತು. ಬಂದ ಸಂಖ್ಯೆಯು ನಿಜಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ತಿಳಿಯುವ ಉಪಾಯವಿರಲಿಲ್ಲ. ಆದರೂ 1989ರ ಗಣತಿ 4334 ಎಂದು ಬಿಡಿಸ್ಥಾನದವರೆಗೆ ಲೆಕ್ಕ ಒಪ್ಪಿಸಿತು.

ಅಂದು ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಬಹು ಹಿಂದೆಯೇ ತೆರೆದಿತ್ತೆಂಬುದು ನನಗೆ ತಿಳಿದದ್ದು ತಡವಾಗಿ. ಡೆನ್ಮಾರ್ಕಿನ ವಿಜ್ಞಾನಿ ಪೀಟರ್ಸೆನ್ 1896ರಷ್ಟು ಹಿಂದೆಯೇ ಮೀನುಗಳಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟು ಅಭ್ಯಾಸ ಮಾಡಿದ್ದ. ಅಮೆರಿಕದ ಫ್ರೆಡರಿಕ್ ಲಿಂಕನ್ 1930ರಲ್ಲಿ ಕಾಲಿಗೆ ಉಂಗುರ ತೊಡಿಸಿದ ಬಾತುಗಳ ಮೂಲಕ ಅದೇ ತರ್ಕವನ್ನು ಬಳಸಿದ. ಇದನ್ನು ಮುಂದೆ ನಾನು ಮಡಕೆ ಮತ್ತು ಹುಣಸೆ ಬೀಜಗಳಿಂದ ತರಗತಿಯಲ್ಲಿ ತೋರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮಡಕೆಯಿಂದ 40 ಬೀಜ ತೆಗೆದು, ಸುಣ್ಣದ ಬೊಟ್ಟಿಟ್ಟು, ಮತ್ತೆ ಹಾಕಿ ಚೆನ್ನಾಗಿ ಕಲಸಬೇಕು. ಎರಡನೆಯ ಸಲ 50 ತೆಗೆದಾಗ ಅವುಗಳಲ್ಲಿ ಬೊಟ್ಟಿನವು 10 ಇದ್ದುವೆನ್ನಿ. ಅಂದರೆ ಬೊಟ್ಟಿಟ್ಟವುಗಳಲ್ಲಿ ಕಾಲು ಭಾಗ ಮಾತ್ರ ನಮ್ಮ ಕೈಗೆ ಸಿಕ್ಕಿತು. ಹಾಗಾದರೆ ಸಿಕ್ಕ 50 ಕೂಡ ಒಟ್ಟು ಬೀಜಗಳ ಕಾಲು ಭಾಗವಿರಬೇಕು. ಮಡಕೆಯಲ್ಲಿರುವುದು ಸುಮಾರು 200. ಎಲ್ಲವನ್ನೂ ಕಾಣದೆಯೇ ಕಾಣದವುಗಳ ಅಂದಾಜು ದೊರೆಯಿತು.

ಹುಲಿಗೆ ಬೊಟ್ಟಿಡುವವರಾರು? ಪ್ರಕೃತಿಯೇ ಆ ಕೆಲಸ ಮಾಡಿಟ್ಟಿದೆ. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ. ಇದನ್ನು ನಮ್ಮ ನಾಗರಹೊಳೆಯಲ್ಲಿ ಸಾಧಿಸಿ ತೋರಿಸಿದವರು ಡಾ. ಉಲ್ಲಾಸ ಕಾರಂತರು, ಡಾ. ಶಿವರಾಮ ಕಾರಂತರ ಪುತ್ರರು, ಮೂಲತಃ ಇಂಜಿನಿಯರಿಂಗ್ ಓದಿದವರು. ಹೆಜ್ಜೆಗಣತಿಯನ್ನು 1980ರ ದಶಕದಲ್ಲೇ ಪ್ರಶ್ನಿಸಿದ್ದ ಅವರು, ಹುಲಿ ನಡೆದಾಡುವ ಹಾದಿಯ ಎರಡೂ ಬದಿಗೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇಟ್ಟರು. ಹುಲಿಯ ಎಡಮೈ ಬಲಮೈಗಳ ಪಟ್ಟೆಗಳೂ ಬೇರೆಬೇರೆಯಾದ್ದರಿಂದ ಎರಡು ಕ್ಯಾಮೆರಾ ಬೇಕು. ಈ ವಿಧಾನವನ್ನು ವಿವರಿಸುವ ಅವರ ಲೇಖನ 1995ರಲ್ಲಿ ಪ್ರಕಟವಾಯಿತು. ಮುಂದೆ ಅಮೆರಿಕದ ಜೇಮ್ಸ್ ನಿಕೋಲ್ಸ್ ಅವರೊಡಗೂಡಿ ಅದನ್ನು ಇತರ ಕಾಡುಗಳಿಗೂ ವಿಸ್ತರಿಸಿದರು.

ಅವರ ದಾಖಲೆಯ ರೂಪವನ್ನು ತಿಳಿದಾಗ ಅಧ್ಯಾಪಕನಾದ ನನಗೆ ರೋಮಾಂಚನವಾಯಿತು. ಗುರುತು ಸಿಕ್ಕ ಪ್ರತಿ ಹುಲಿಗೂ ಒಂದು ಸಾಲು. ಚಿತ್ರ ಸಿಕ್ಕ ಸರದಿಗೆ 1, ಸಿಗದ ಸರದಿಗೆ 0. ಇದು ನಮ್ಮ ಹಾಜರಿ ಪುಸ್ತಕವೇ ಅಲ್ಲವೆ! ಭೇದವೊಂದೇ: ನಮ್ಮ ಪುಸ್ತಕದಲ್ಲಿ ಗೈರುಹಾಜರಾದವನ ಹೆಸರೂ ಇರುತ್ತದೆ. ಒಮ್ಮೆಯೂ ಚಿತ್ರಕ್ಕೆ ಸಿಗದ ಹುಲಿಗೆ ಅಲ್ಲಿ ಸಾಲೇ ಇಲ್ಲ. ಬಂದವರು ಎಷ್ಟು ಸಲ ತಪ್ಪಿಸಿಕೊಂಡರೆಂಬುದನ್ನು ನೋಡಿ, ಒಮ್ಮೆಯೂ ಬಾರದವರು ಎಷ್ಟಿರಬಹುದೆಂದು ಲೆಕ್ಕ ಹಾಕುತ್ತಾರೆ. ನಡುವೆ ಹುಟ್ಟು ಸಾವುಗಳು ಲೆಕ್ಕ ಕೆಡಿಸದಂತೆ ಇಡೀ ಕೆಲಸವನ್ನು ಅಲ್ಪಾವಧಿಯಲ್ಲಿ ಮುಗಿಸುತ್ತಾರೆ.

ಹಳೆಯ ವಿಧಾನದ ಬೆಲೆಯನ್ನು ದೇಶ ತೆತ್ತದ್ದು ರಾಜಸ್ಥಾನದ ಸರಿಸ್ಕಾದಲ್ಲಿ. 2004ರಲ್ಲಿ ಅಲ್ಲಿ 16ರಿಂದ 18 ಹುಲಿಗಳಿವೆಯೆಂದು ಅಧಿಕೃತ ಲೆಕ್ಕ ಹೇಳುತ್ತಿತ್ತು. 2005ರಲ್ಲಿ ಹುಡುಕಿದಾಗ ಒಂದೂ ಉಳಿದಿರಲಿಲ್ಲ. ಕಳ್ಳಬೇಟೆ ಎಲ್ಲವನ್ನೂ ನುಂಗಿತ್ತು. ಕಾಗದದ ಮೇಲೆ ಹುಲಿಗಳು ಕ್ಷೇಮವಾಗಿದ್ದುದರಿಂದ ಕಾಡಿನಲ್ಲಿ ಅವು ಸತ್ತದ್ದು ತಿಳಿಯಲಿಲ್ಲ. ಆ ಬಳಿಕ ಹೆಜ್ಜೆಗಣತಿಯನ್ನು ಕೈಬಿಡಲಾಯಿತು. 2006ರ ಹೊಸ ಅಂದಾಜು 1411 ಎಂದಿತು. ಜೊತೆಗೆ, ನಿಜಸಂಖ್ಯೆ 1165ರಿಂದ 1657ರ ನಡುವೆ ಇರಬಹುದೆಂದೂ ಹೇಳಿತು. ಹಿಂದಿನ ಗಣತಿಯ 3642ಕ್ಕೆ ಹೋಲಿಸಿ ಹುಲಿಗಳು ಅರ್ಧಕ್ಕಿಂತ ಕಡಿಮೆಯಾದವೆಂದು ಹಲವರು ಮರುಗಿದರು. ಆದರೆ ಬೇರೆ ಬೇರೆ ಅಳತೆಗೋಲಿನಿಂದ ಅಳೆದವನ್ನು ಹಾಗೆ ಹೋಲಿಸಲಾಗದು. 2022ರ ಅಂದಾಜು 3682. ಅದಕ್ಕೂ 3167ರಿಂದ 3925ರ ಮೇರೆಯಿದೆ. ಹೊಸ ವಿಧಾನವೂ ವಿಮರ್ಶೆಗೆ ಹೊರತಲ್ಲ. ಅದರ ಕೆಲವು ಲೆಕ್ಕಾಚಾರಗಳ ಬಗ್ಗೆ ಕಾರಂತರೂ ಅವರ ಸಹೋದ್ಯೋಗಿಗಳೂ 2015ರಲ್ಲಿ ಆಕ್ಷೇಪವೆತ್ತಿದ್ದುಂಟು.

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ಗಾದೆ. ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆನ್ನಬೇಡ ಎಂಬುದನ್ನೂ ಅದಕ್ಕೆ ಸೇರಿಸಿಕೊಳ್ಳಬೇಕೆಂದು ನನಗೆ ತೋರುತ್ತದೆ. 1827 ಎಂದು ನಾನು ಹಲಗೆಯ ಮೇಲೆ ಬರೆದುದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಇಂದು ಬರೆಯುವುದಾದರೆ 'ಸುಮಾರು' ಎಂಬ ಪದವನ್ನು ಮೊದಲು ಬರೆದೇನು. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದಿದರೆ ಅವನಿಗೆ ನನ್ನ ಮಾತು ಇಷ್ಟೆ: ಅಂದು ಕುಳಿತುಕೊಳ್ಳಬೇಕಾಗಿದ್ದವನು ನಾನು, ನೀನಲ್ಲಪ್ಪ.