ನರದ ಮೇಲೆ ನರ: ಉಮರ್ಗಾ–ನಿಲಂಗಾ–ಉದಗೀರ ಗಡಿಸೀಮೆಯ ಉಳುಕು ಮತ್ತು ಕೈಚಿಕಿತ್ಸೆ

ಹೊಲದ ಬದುವಿನಲ್ಲಿ ಕಾಲು ಹೊರಳಿ ಬಿದ್ದವನನ್ನು ಏನಾಯಿತೆಂದು ಕೇಳಿದರೆ ಉಮರ್ಗಾ ಕಡೆಯ ಕನ್ನಡದ ಮನೆಯಲ್ಲಿ ಸಿಗುವ ಉತ್ತರ ಇದು: ‘ಕಾಲು ಉಳಕ್ಯಾದ, ನರದ ಮ್ಯಾಲ ನರ ಏರ್ಯಾದ.’ ಪಕ್ಕದ ಮನೆಯ ಮರಾಠಿಯಲ್ಲಿ ‘ಪಾಯ್ ಮುರಗಳಲಾ, ಶಿರೇವರ ಶೀರ ಚಢಲೀ.’ ಉದಗೀರದ ಪೇಟೆಯ ದಖನಿಯಲ್ಲಿ ‘ಮೋಚ್ ಆ ಗಯೀ, ನಸ್ ಪೋ ನಸ್ ಚಢ್ ಗಯೀ.’ ಮಾತು ಮೂರು, ಚಿತ್ರ ಒಂದೇ. ಒಳಗೆ ಯಾವುದೋ ಒಂದು ಎಳೆ ಇನ್ನೊಂದರ ಮೇಲೆ ಹತ್ತಿ ಕುಳಿತಿದೆ. ಬಲ್ಲವರ ಕೈ ಅದನ್ನು ಕೆಳಗಿಳಿಸಬೇಕು.

ಇದು ಆಶ್ಚರ್ಯದ ಸಂಗತಿಯೇನಲ್ಲ. ನಿಜಾಮನ ಆಡಳಿತದಲ್ಲಿ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳ ಗೆರೆ ಎಳೆದಾಗ ಅವು ಮುಂಬಯಿ ರಾಜ್ಯದ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಹೊಸ ಲಾತೂರ ಜಿಲ್ಲೆಗೆ ಬಂದವು. ಉಮರ್ಗಾ ಉಸ್ಮಾನಾಬಾದಿನಲ್ಲೇ, ಅಂದರೆ ಇಂದಿನ ಧಾರಾಶಿವದಲ್ಲೇ, ಉಳಿಯಿತು. ಜಿಲ್ಲೆಗಳು ಬದಲಾದವು, ಬೀಗತನ ಬದಲಾಗಲಿಲ್ಲ. ಉಳುಕು ತೆಗೆಯುವವರ ಹತ್ತಿರ ಹೋಗುವ ದಾರಿಯೂ ಬದಲಾಗಲಿಲ್ಲ. ಈ ಲೇಖನ ಕ್ಷೇತ್ರ ಸಮೀಕ್ಷೆಯಲ್ಲ. ಈ ಸೀಮೆಯ ಮಾತನ್ನೂ ಟೆಂಡನ್–ಲಿಗಮೆಂಟುಗಳ ಕೈಚಿಕಿತ್ಸೆಯ ಬಗ್ಗೆ ಪ್ರಕಟವಾದ ಸಂಶೋಧನೆಯನ್ನೂ ಎದುರುಬದುರು ಇಟ್ಟು ಓದುವ ಪ್ರಯತ್ನ.

ಮೊದಲು ಮಾತಿನ ವಿಚಾರ. ಕನ್ನಡದಲ್ಲಿ ‘ನರ’ ಎಂದರೆ ರಕ್ತ ಹರಿಯುವ ನಾಳವೂ ಹೌದು, ಸಂವೇದನೆ ಒಯ್ಯುವ ತಂತುವೂ ಹೌದು, ಹಿಮ್ಮಡಿಯ ಹಿಂದೆ ಕೈಗೆ ಸಿಗುವ ಗಟ್ಟಿ ಹಗ್ಗವೂ ಹೌದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಇಷ್ಟು ಬೆರಕೆಯಿಲ್ಲ: ಸಿರೆಗಳು 700, ಸ್ನಾಯುಗಳು 900, ಪೇಶಿಗಳು 500, ಕಂಡರಗಳು 16 ಎಂದು ಬೇರೆ ಬೇರೆ ಲೆಕ್ಕವಿದೆ. ಲೆಕ್ಕ ಇಂದಿನ ಅಂಗರಚನಾಶಾಸ್ತ್ರಕ್ಕೆ ಹೊಂದುವುದಿಲ್ಲ, ಆದರೆ ವಿಂಗಡಣೆಯ ಹಿಂದಿರುವ ಕಣ್ಣು ಚುರುಕಾಗಿದೆ. ಹಲಗೆಗಳನ್ನು ಹಗ್ಗದಿಂದ ಬಿಗಿದ ದೋಣಿ ಹೇಗೆ ನೀರಿನಲ್ಲಿ ಭಾರ ಹೊರುತ್ತದೋ ಹಾಗೆ ಸ್ನಾಯುಗಳಿಂದ ಬಿಗಿದ ಸಂಧಿಗಳು ದೇಹದ ಭಾರ ಹೊರುತ್ತವೆ ಎಂದು ಸುಶ್ರುತ ವಿವರಿಸುತ್ತಾನೆ. ಮೂಳೆ, ಪೇಶಿ, ಸಿರೆಗಳಿಗೆ ಬಿದ್ದ ಪೆಟ್ಟಿಗಿಂತ ಸ್ನಾಯುವಿಗೆ ಬಿದ್ದ ಪೆಟ್ಟು ಹೆಚ್ಚು ಕೆಡಕು ಎಂಬ ಮಾತೂ ಅಲ್ಲಿದೆ. ಎಂದರೆ ಅವನ ‘ಸ್ನಾಯು’ ಬಹುಮಟ್ಟಿಗೆ ಮೂಳೆಗೆ ಮೂಳೆಯನ್ನು ಬಿಗಿಯುವ ನಮ್ಮ ಲಿಗಮೆಂಟು. ನಮ್ಮ ಶಾಲಾ ಪಠ್ಯಗಳು ಆ ಪದವನ್ನು ಮಾಂಸಖಂಡಕ್ಕೆ ಕೊಟ್ಟುಬಿಟ್ಟವು. ಖಾಲಿಯಾದ ಜಾಗಕ್ಕೆ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್ನಿಗೆ ‘ಸ್ನಾಯುರಜ್ಜು’, ಲಿಗಮೆಂಟಿಗೆ ‘ಅಸ್ಥಿರಜ್ಜು’ಗಳನ್ನು ಕಟ್ಟಿ ತಂದೆವು. ಮರಾಠಿಯೂ ಸ್ನಾಯುವನ್ನು ಹಾಗೇ ಕಳೆದುಕೊಂಡಿತು, ಆದರೆ ಟೆಂಡನ್ನಿಗೆ ‘ಕಂಡರಾ’ವನ್ನು ಉಳಿಸಿಕೊಂಡಿತು. ನಿಲಂಗಾದ ಹುಡುಗಿಯೊಬ್ಬಳು ಮರಾಠಿ ಶಾಲೆಯಲ್ಲಿ ಕಂಡರಾ ಕಲಿತು, ಮನೆಯಲ್ಲಿ ಅಜ್ಜಿಯ ಬಾಯಲ್ಲಿ ನರ ಕೇಳಿ, ದವಾಖಾನೆಯಲ್ಲಿ ‘ಲಿಗಮೆಂಟ್ ಟೇರ್’ ಎಂದು ಬರೆಸಿಕೊಂಡು ಬರುತ್ತಾಳೆ. ಮೂರೂ ಒಂದೇ ವಿಷಯವನ್ನು ಹೇಳುತ್ತಿವೆಯೋ ಇಲ್ಲವೋ ಎಂದು ಅವಳಿಗೆ ಹೇಳುವವರು ಯಾರೂ ಇಲ್ಲ.

ನಿಜವಾಗಿ ಏನಾಗಿರುತ್ತದೆ? ಪಾದ ಒಳಮಗ್ಗುಲಾಗಿ ಹೊರಳಿದಾಗ ಹೊರಗಿನ ಹರಡಿನ ಮುಂಭಾಗದಿಂದ ಟಾಲಸ್ ಮೂಳೆಗೆ ಹೋಗುವ ಚಿಕ್ಕ ಲಿಗಮೆಂಟು ಮೊದಲು ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಎಳೆಗಳು ಹಿಗ್ಗಿದ್ದರೆ ಮೊದಲ ದರ್ಜೆ, ಅರ್ಧ ಹರಿದಿದ್ದರೆ ಎರಡನೆಯದು, ಪೂರ್ತಿ ತುಂಡಾಗಿದ್ದರೆ ಮೂರನೆಯದು. ಯಾವುದೂ ಯಾವುದರ ಮೇಲೂ ಹತ್ತಿರುವುದಿಲ್ಲ. ಹಾಗಾದರೆ ಜಗ್ಗಿದಾಗ ‘ಟಕ್’ ಎನ್ನುತ್ತದಲ್ಲ, ಅದೇನು? ಕೀಲಿನ ದ್ರವದಲ್ಲಿ ಒತ್ತಡ ಒಮ್ಮೆಗೇ ಇಳಿದು ಅನಿಲದ ಪೊಳ್ಳು ಮೂಡುವಾಗ ಬರುವ ಸದ್ದು. ಬೆರಳ ಗಿಣ್ಣನ್ನು ಎಳೆಯುತ್ತಲೇ ಎಂಆರ್‌ಐ ಚಿತ್ರ ತೆಗೆದು 2015ರಲ್ಲಿ ಕೆನಡಾದ ಕಾವ್‌ಚುಕ್ ಮತ್ತು ಸಂಗಡಿಗರು ಇದನ್ನು ತೋರಿಸಿದರು. ನರ ಇಳಿಯಿತೆಂದು ಸಾಕ್ಷಿ ಹೇಳುವ ಸದ್ದು ಬರಿಯ ಗುಳ್ಳೆಯ ಸದ್ದು. ಆದರೂ ಆ ಬಳಿಕ ನೋವು ಕಡಿಮೆಯಾಯಿತೆಂದು ಹೇಳುವವರು ಸುಳ್ಳು ಹೇಳುತ್ತಿಲ್ಲ.

ಈ ಸೀಮೆಯಲ್ಲಿ ಕೈಯ ವಿದ್ಯೆ ಎರಡು ಕಡೆಯಿಂದ ಬಂದಿದೆ. ಒಂದು ತಾಲೀಮಿನದು, ಅಂದರೆ ಗರಡಿಮನೆಯದು. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಅಭ್ಯಾಸ, ಕುಸ್ತಿಗಳಿಗೆಂದೇ ‘ಮಲ್ಲವಿನೋದ’ವಿದೆ, ಅಭ್ಯಂಗಕ್ಕೂ ಬೇರೆ ಭಾಗವಿದೆ. ಆ ಕಲ್ಯಾಣ, ಇಂದಿನ ಬಸವಕಲ್ಯಾಣ, ಉಮರ್ಗಾದಿಂದ ದೂರವೇನಿಲ್ಲ. ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರ 1969ರಲ್ಲಿ ಮಹಾರಾಷ್ಟ್ರ ಕೇಸರಿಯಾಗಿ, 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಇದೇ ಮಣ್ಣಿನ ಹಿರಿಮೆ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಮಾಡಿದ ಅಖಾಡದ ಮಣ್ಣು, ಕಸರತ್ತು ಮುಗಿಸಿದ ಹಿರಿಯರ ಮೈಯನ್ನು ಕಿರಿಯರು ತಿಕ್ಕುವುದು, ಗರಡಿಯ ಗುರುಗಳಾದ ವಸ್ತಾದರ ಕಣ್ಣಳತೆ: ಇವೆಲ್ಲ ದುಡಿದು ದಣಿದ, ಆದರೆ ಗಾಯವಾಗದ ಮೈಗೆ ಮಾಡುವ ಉಪಚಾರ. ಇನ್ನೊಂದು ಮನೆಯ ಹಿತ್ತಿಲಿನದು. ಔಡಲೆಣ್ಣೆ, ಸುಣ್ಣ–ಅರಿಶಿನದ ಲೇಪ, ಮರಾಠಿಯವರ ಆಂಬೆಹಳದ ಎಂಬ ಅರಿಶಿನ ಜಾತಿಯ ಗಡ್ಡೆ. ಕಾಲು ಮುಂದಾಗಿ ಹುಟ್ಟಿದ, ಮರಾಠಿಯಲ್ಲಿ ‘ಪಾಯಾಳೂ’ ಎನ್ನುವ, ಮನುಷ್ಯನ ಕಾಲು ತಾಗಿದರೆ ಸೊಂಟದ ಹಿಡಿತ ಬಿಡುತ್ತದೆಂಬ ನಂಬಿಕೆ. ಎಡವಟ್ಟಾಗುವುದು ಈ ಎರಡೂ ಕೂಡುವಲ್ಲಿ. ತಾಲೀಮಿನ ಬಲವಾದ ತಿಕ್ಕನ್ನು ಆಗಷ್ಟೇ ಹರಿದು ರಕ್ತ ಕಟ್ಟಿಕೊಂಡ ಲಿಗಮೆಂಟಿನ ಮೇಲೆ ತರುತ್ತಾರೆ.

ಹರಿದ ಎಳೆ ಕೂಡುವುದಕ್ಕೆ ತನ್ನದೇ ಕಾಲಕ್ರಮವಿದೆ. ಮೊದಲ ಕೆಲವು ದಿನ ಬಾವು. ಆಮೇಲೆ ಕೆಲವು ವಾರ ಹೊಸ ಕೊಲಾಜೆನ್ ಅಡ್ಡಾದಿಡ್ಡಿ ಬೆಳೆಯುತ್ತದೆ. ಬಳಿಕ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ಮೀರಿ, ಭಾರ ಬೀಳುವ ದಿಕ್ಕಿಗೆ ಅದು ತನ್ನನ್ನು ಓರಣ ಮಾಡಿಕೊಳ್ಳುತ್ತದೆ. ಈ ಕ್ರಮದೊಳಗೆ ಕೈ ಎಲ್ಲಿ ನೆರವಾಗುತ್ತದೆ ಎಂಬುದೇ ಪ್ರಶ್ನೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್ ಎಳೆಗಳಿಗೆ ಅಡ್ಡಲಾಗಿ ಆಳವಾಗಿ ಉಜ್ಜುವ ವಿಧಾನವನ್ನು ಪ್ರಚಾರಕ್ಕೆ ತಂದ. ಅದು ಲೋಕವೆಲ್ಲ ಹಬ್ಬಿತು. ಆದರೆ ಮೊಣಕೈ, ಮೊಣಕಾಲಿನ ಟೆಂಡನ್ ನೋವಿಗೆ ಅದರಿಂದಾಗುವ ಪ್ರಯೋಜನವನ್ನು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2014ರ ಪರಾಮರ್ಶೆ ಹುಡುಕಿದಾಗ ಅರ್ಹವಾದ ಪ್ರಯೋಗಗಳು ಸಿಕ್ಕಿದ್ದು ಎರಡು, ಒಟ್ಟು ರೋಗಿಗಳು 57. ಹೌದೆನ್ನಲೂ ಇಲ್ಲವೆನ್ನಲೂ ಅದು ಸಾಲದು.

ನನಗೆ ಹೆಚ್ಚು ಹೇಳುವಂತೆ ಕಂಡಿದ್ದು ಲೋಗ್ಮಾನಿ ಮತ್ತು ವಾರ್ಡನ್ 2009ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗ. ಇಲಿಯ ಎರಡೂ ಮೊಣಕಾಲಿನ ಒಳಬದಿಯ ಲಿಗಮೆಂಟಿಗೆ ಗಾಯ ಮಾಡಿ, ಒಂದು ವಾರ ಬಿಟ್ಟು, ಒಂದು ಕಾಲಿಗೆ ಮಾತ್ರ ಉಪಕರಣದಿಂದ ಅಡ್ಡ ಉಜ್ಜಿದರು. ನಾಲ್ಕನೆಯ ವಾರ ನೋಡಿದರೆ ಉಜ್ಜಿದ ಲಿಗಮೆಂಟು ಇನ್ನೊಂದಕ್ಕಿಂತ ಶೇ. 43ರಷ್ಟು ಬಲಿಷ್ಠ. ಹನ್ನೆರಡನೆಯ ವಾರಕ್ಕೆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿತ್ತು. ಕೈ ಗುಣದ ದಾರಿಯನ್ನು ಚುರುಕುಗೊಳಿಸಿತು, ಮುಟ್ಟುವ ಊರನ್ನು ಬದಲಿಸಲಿಲ್ಲ. ಒಂದು ವಾರ ಬಿಟ್ಟು ಶುರುಮಾಡಿದರು ಎಂಬುದನ್ನೂ ಮರೆಯಬಾರದು.

ಮನುಷ್ಯರಲ್ಲಿ ನಡೆದ ಪ್ರಯೋಗಗಳೂ ಇದೇ ದಿಕ್ಕಿಗೆ ಬೆರಳು ತೋರುತ್ತವೆ. 2001ರಲ್ಲಿ ಸಿಡ್ನಿಯ ಗ್ರೀನ್ ಮತ್ತು ಜತೆಗಾರರು ಹೊಸದಾಗಿ ಪಾದ ಉಳುಕಿಸಿಕೊಂಡ 41 ಜನರಲ್ಲಿ ಕೆಲವರಿಗೆ ರೂಢಿಯ ಉಪಚಾರದ ಜೊತೆಗೆ ಟಾಲಸ್ಸನ್ನು ನೋವಾಗದಷ್ಟು ಮೆಲ್ಲಗೆ ಹಿಂದಕ್ಕೆ ಸರಿಸುವ ಚಿಕಿತ್ಸೆ ಕೊಟ್ಟರು; ಅವರ ಪಾದ ನೋವಿಲ್ಲದೆ ಮೇಲಕ್ಕೆ ಬಾಗುವುದಕ್ಕೆ ಕಡಿಮೆ ಸರದಿಗಳು ಸಾಕಾದವು. ಇಲ್ಲಿ ಕೈ ಮುಟ್ಟಿದ್ದು ಗಾಯವನ್ನಲ್ಲ, ಪಕ್ಕದ ಕೀಲಿನ ಬಿಗಿತವನ್ನು. 2006ರಲ್ಲಿ ಬ್ರಿಸ್ಬೇನಿನ ಬಿಸೆಟ್ ಮತ್ತು ಸಂಗಡಿಗರು ಮೊಣಕೈ ಟೆಂಡನ್ ನೋವಿನ 198 ಜನರನ್ನು ಮೂರು ಪಾಲು ಮಾಡಿ ಹೋಲಿಸಿದರು: ಕೈಚಿಕಿತ್ಸೆ ಮತ್ತು ವ್ಯಾಯಾಮ, ಸ್ಟಿರಾಯ್ಡ್ ಇಂಜೆಕ್ಷನ್, ಸುಮ್ಮನೆ ಕಾಯುವುದು. ಆರನೆಯ ವಾರಕ್ಕೆ ಇಂಜೆಕ್ಷನ್ ಎಲ್ಲರನ್ನೂ ಹಿಂದೆ ಹಾಕಿತ್ತು; ಆಮೇಲೆ ಇಂಜೆಕ್ಷನ್ ಪಡೆದವರಲ್ಲೇ ನೋವು ಹೆಚ್ಚಾಗಿ ಮರುಕಳಿಸಿತು. ವರ್ಷದ ಕೊನೆಗೆ ಕಾದು ಕುಳಿತವರೂ ಕೈಚಿಕಿತ್ಸೆಯವರೂ ಹೆಚ್ಚುಕಡಿಮೆ ಸಮ. ಇನ್ನು ಹಿಮ್ಮಡಿಯ ಹಳೆಯ ಟೆಂಡನ್ ನೋವಿಗೆ ಸ್ವೀಡನ್ನಿನ ಆಲ್ಫ್ರೆಡ್‌ಸನ್ 1998ರಲ್ಲಿ ಮುಂದಿಟ್ಟ ಉಪಾಯದಲ್ಲಿ ಕೈಗೆ ಕೆಲಸವೇ ಇಲ್ಲ: ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು, ದಿನಕ್ಕೆರಡು ಬಾರಿ, ಹನ್ನೆರಡು ವಾರ.

ಇವನ್ನೆಲ್ಲ ಒಟ್ಟಿಗೆ ಇಟ್ಟಾಗ ನನ್ನ ನಿಲುವು ಇದು. ಕೈ ಟೆಂಡನ್ನನ್ನಾಗಲಿ ಲಿಗಮೆಂಟನ್ನಾಗಲಿ ಕೂಡಿಸುವುದಿಲ್ಲ. ನೋವು ತಗ್ಗಿಸಿ, ಬಿಗಿದ ಕೀಲನ್ನು ಸಡಿಲಿಸಿ, ಕಾಲೂರಲು ಧೈರ್ಯ ಕೊಡುತ್ತದೆ. ಕೂಡಿಸುವುದು ಹಂತಹಂತವಾಗಿ ಏರಿಸುವ ಭಾರ ಮತ್ತು ಕಾಲ. ಉಳುಕು ತೆಗೆಯುವವರ ಕೈಗೆ ಬಾವು ಇಳಿದು ಎಳೆ ಕೂಡುವ ನಡುವಿನ ಹೊತ್ತಿನಲ್ಲಿ ಜಾಗವಿದೆ, ಮೊದಲ ಮೂರು ದಿನಗಳಲ್ಲಿ ಇಲ್ಲ.

ಆದರೆ ಜನ ಓಡುವುದು ಮೊದಲ ದಿನವೇ. ಅದನ್ನು ಮೌಢ್ಯವೆನ್ನುವುದು ಸುಲಭ, ಆದರೆ ಅದರ ಹಿಂದೆ ದುಡಿಮೆಯ ಲೆಕ್ಕವಿದೆ. ಕೂಲಿಗಳನ್ನು ಒದಗಿಸುವ ಮುಕಾದಮನಿಂದ ‘ಉಚಲ’ ಎಂಬ ಮುಂಗಡ ಪಡೆದು ಕಬ್ಬು ಕಡಿಯಲು ಹೊರಟ ಗಂಡ–ಹೆಂಡತಿ ಸೇರಿ ಲೆಕ್ಕಕ್ಕೆ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು. ಒಬ್ಬರ ಕಾಲು ಕೂತರೆ ಜೋಡಿಯ ಲೆಕ್ಕವೇ ಕೂತಿತು. ಆರು ವಾರ ಜೋಪಾನ ಎಂದು ಹೇಳುವ ವೈದ್ಯರಿಗಿಂತ ‘ನಾಳೆ ನಡೀತಿ’ ಎನ್ನುವ ಕೈ ಅವರಿಗೆ ಹತ್ತಿರವಾಗುತ್ತದೆ. ಫಿಸಿಯೋಥೆರಪಿ ಕಲಿತವರಿಗೆ ಮಹಾರಾಷ್ಟ್ರದಲ್ಲಿ ತಮ್ಮದೇ ಪರಿಷತ್ತಿದೆ, 2021ರ ಕೇಂದ್ರ ಕಾಯಿದೆಯೂ ಇದೆ. ಹಳ್ಳಿಯ ಕೈ ಈ ಎರಡರ ಲೆಕ್ಕಕ್ಕೂ ಸಿಗುವುದಿಲ್ಲ. ಆ ಕೈಯನ್ನು ಹಳಿಯುವುದರಿಂದ ಅದು ನಿಲ್ಲುವುದೂ ಇಲ್ಲ.

ನಿಜವಾದ ಅಪಾಯಗಳು ಎರಡು. ಉಳುಕೆಂದು ತಿಕ್ಕಿದ್ದು ಮುರಿದ ಮೂಳೆಯಾಗಿರಬಹುದು. ‘ಮೀನಖಂಡದ ನರ ಹಿಡಿದಿದೆ’ ಎಂದು ಎಣ್ಣೆ ಹಚ್ಚಿದ್ದು ಪೂರ್ತಿ ತುಂಡಾದ ಹಿಮ್ಮಡಿಯ ಟೆಂಡನ್ ಆಗಿರಬಹುದು. ಎರಡನ್ನೂ ಶಂಕಿಸಲು ಮೊದಲು ಬೇಕಾದದ್ದು ಯಂತ್ರವಲ್ಲ, ಕೈಯೇ. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದಾಗ ಪಾದ ಅಲುಗದಿದ್ದರೆ ಟೆಂಡನ್ ಹರಿದಿದೆ ಎಂದು ತಿಳಿಯಬೇಕು. ಸಿಮಂಡ್ಸ್ ಮತ್ತು ಥಾಮ್ಸನ್ ಹೆಸರಿನ ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಹರಡಿನ ನೋವಿಗೆ 1992ರಲ್ಲಿ ಕೆನಡಾದ ಒಟ್ಟಾವಾದಿಂದ ಬಂದ ನಿಯಮಗಳಿವೆ: ಹರಡಿನ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದರೆ ಮೂಳೆಯೇ ನೋಯುತ್ತದೆಯೇ, ಬಿದ್ದ ಕೂಡಲೂ ಈಗಲೂ ನಾಲ್ಕು ಹೆಜ್ಜೆ ಇಡಲಾಗುವುದಿಲ್ಲವೇ, ಎರಡರಲ್ಲಿ ಒಂದಕ್ಕೆ ಹೌದೆಂದರೂ ಎಕ್ಸ್‌ರೇ ಬೇಕು.

ಲಾತೂರ, ಬೀದರ ಎರಡೂ ಕಡೆ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಈ ಎರಡು ಪರೀಕ್ಷೆಗಳನ್ನು ಕನ್ನಡ, ಮರಾಠಿ, ದಖನಿ ಮೂರರಲ್ಲೂ ಒಂದೇ ಹಾಳೆಯಲ್ಲಿ ಚಿತ್ರಸಮೇತ ಅಚ್ಚುಹಾಕಿ, ಉಮರ್ಗಾ, ನಿಲಂಗಾ, ಉದಗೀರಗಳ ತಾಲೀಮುಗಳಿಗೂ ಉಳುಕು ತೆಗೆಯುವವರ ಮನೆಗಳಿಗೂ ಮುಟ್ಟಿಸಬೇಕೆಂದು ಅಲ್ಲಿನ ಅಧ್ಯಾಪಕರಲ್ಲಿ ನನ್ನ ವಿನಂತಿ. ಹಾಳೆಯಲ್ಲಿ ‘ಅಸ್ಥಿರಜ್ಜು’ ಎಂದು ಬರೆಯುವುದು ಬೇಡ, ‘ನರ’ ಎಂದೇ ಬರೆಯಿರಿ. ಯಾವ ನರ ಎಂಬುದನ್ನು ಚಿತ್ರದಲ್ಲಿ ತೋರಿಸಿ.